ವಾಸನೆ ಹೋದ ಮನೆ

ಮೂರನೆಯ ಬಾಟಲಿ ವಿನೆಗರ್ ಖಾಲಿಯಾಗುವ ಹೊತ್ತಿಗೆ ಅವನಿಗೆ ಒಂದು ವಿಷಯ ಖಚಿತವಾಯಿತು: ತನ್ನ ಮೂಗನ್ನು ನಂಬುವಂತಿಲ್ಲ.

ನಾಯಿಯನ್ನು ಕೊಟ್ಟು ಒಂದು ತಿಂಗಳು. ಹೆಂಡತಿ ಅಕ್ಕನ ಮನೆಗೆ ಹೋಗಿ ಮೂರು ವಾರ. ಇಷ್ಟೂ ದಿನ ಅವನಿಗೆ ಮನೆಯಲ್ಲಿ ಯಾವ ವಾಸನೆಯೂ ಬಡಿದಿರಲಿಲ್ಲ. ನಾಲ್ಕು ವರ್ಷ ನಾಯಿಯ ಜೊತೆ ಬದುಕಿದ ಮೂಗು ಸಾಕ್ಷಿ ಹೇಳಲು ಲಾಯಕ್ಕಲ್ಲ. ನಿನ್ನೆ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ:

"ನಾಳೆ ನಾಲ್ಕಕ್ಕೆ ಬಂದು ನೋಡ್ತೀನಿ. ವಾಸನೆ ಹೋಗಿದ್ರೆ ಇರ್ತೀನಿ."

"ಹೋಗಿದ್ರೆ ಇರ್ತೀಯ ತಾನೇ?"

"ಅದೇ ಹೇಳಿದ್ನಲ್ಲ."

ಇಪ್ಪತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು ಒಂದು ವಾಸನೆಗೆ ಸೋಲುವುದೆಂದರೇನು! ರಜೆ ಹಾಕಿ ಬೆಳಗಿನ ಆರಕ್ಕೇ ಟೊಂಕ ಕಟ್ಟಿದ್ದ. ಪರದೆ ಒಗೆದದ್ದಾಯಿತು. ಕಾರ್ಪೆಟ್ಟಿಗೆ ಅಡುಗೆ ಸೋಡಾ ಉದುರಿಸಿ ಗುಡಿಸಿದ್ದಾಯಿತು. ಈಗ ಬೇಕಾದದ್ದು ಬೇರೆಯವರ ಮೂಗು.

ಮೇಲಿನ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರನ್ನು ಕರೆತಂದ. ಅವರು ಹೊಸ್ತಿಲಲ್ಲೇ ನಿಂತು ಗಾಳಿ ಎಳೆದುಕೊಂಡರು.

"ಹೇಗಿದೆ?"

"ಚೆನ್ನಾಗಿದೆ."

"ವಾಸನೆ ಬರುತ್ತಾ ಅಂತ ಕೇಳ್ದೆ."

"ಬರುತ್ತೆ ಅಂದ್ರೆ... ಎಲ್ಲರ ಮನೇಲೂ ಏನಾದ್ರೂ ಒಂದು ಇದ್ದೇ ಇರುತ್ತಲ್ಲ ಮೇಷ್ಟ್ರೇ. ಮನೆಯವರು ಇನ್ನೂ ಬಂದಿಲ್ವಾ?"

"ಸಂಜೆ ಬರ್ತಾಳೆ."

"ಬರ್ಲಿ, ಬರ್ಲಿ," ಎಂದರು. ಒಲೆಯ ಮೇಲೆ ಹಾಲಿಟ್ಟದ್ದು ಆಗಲೇ ನೆನಪಾಗಿ ಮೆಲ್ಲಗೆ ಜಾರಿಕೊಂಡರು.

ಅವನು ಫೋನು ಮಾಡಿ, ಸೋಫಾ ಮತ್ತು ನೆಲ ತೊಳೆದುಕೊಡುವ ಹೆಂಗಸನ್ನು ಕರೆಸಿದ. ಹತ್ತೂವರೆಗೆ ಎರಡು ಬಕೆಟ್ಟು, ಒಂದು ಕ್ಯಾನು ಹೊತ್ತು ಬಂದವಳು ಮೊದಲು ಮಾಡಿದ ಕೆಲಸವೆಂದರೆ ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿಸಿದ್ದು. ಮನೆಯೊಳಗೆ ಕತ್ತಲಾದ ಮೇಲೆ ಚೀಲದಿಂದ ನೀಲಿ ಬೆಳಕಿನ ಟಾರ್ಚು ತೆಗೆದಳು. ಬೆಳಗಿನಿಂದ ಅವನು ಉಜ್ಜಿ ಉಜ್ಜಿ ಫಳಫಳ ಎನ್ನಿಸಿದ್ದ ನೆಲದಲ್ಲಿ ಹಳದಿ ಕಲೆಗಳು ಒಂದೊಂದಾಗಿ ಕಣ್ಣು ಬಿಟ್ಟವು. ಸೋಫಾದ ಕಾಲಿಗೆ, ಊಟದ ಮೇಜಿನ ಕೆಳಗೆ, ಗೋಡೆಯುದ್ದಕ್ಕೂ. ಒಂದೊಂದರ ಸುತ್ತಲೂ ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

"ಒಂದೇ ಜಾಗದಲ್ಲಿ ಹತ್ತು ಸಲ ಹೊಯ್ದಿದೆ ಸರ್. ಯಾವುದ್ರಲ್ಲಿ ಒರೆಸ್ತಿದ್ರಿ?"

ಅವನು ಸ್ವಲ್ಪ ಜಂಬದಿಂದಲೇ ಬಚ್ಚಲಿನಿಂದ ಬಾಟಲಿ ತಂದ. ಲ್ಯಾಬಿನ ಅಮೋನಿಯಾಕ್ಕೆ ಹದವಾಗಿ ನೀರು ಬೆರೆಸಿ ಕೈಯಾರೆ ತಯಾರಿಸಿದ್ದು. ಅಂಗಡಿಯದಕ್ಕಿಂತ ಇದೇ ಮೇಲೆಂದು ಸಹೋದ್ಯೋಗಿಗಳಿಗೂ ಹಂಚಿದ್ದ. ಅವಳು ಮುಚ್ಚಳ ತೆರೆದು ಮುಖ ಸಿಂಡರಿಸಿದಳು.

"ಅಯ್ಯೋ ಸರ್! ನಾಯಿ ಮೂಗಿಗೆ ಇದೂ ಉಚ್ಚೇನೇ. ಇನ್ಯಾವುದೋ ನಾಯಿ ಬಂದು ಹೋಗಿದೆ ಅಂತ ಮತ್ತೆ ಅಲ್ಲೇ ಹೊಯ್ಯುತ್ತೆ. ನೀವು ಒರೆಸಿಲ್ಲ, ಬಾ ಬಾ ಅಂತ ಕರೆದಿದ್ದೀರಿ. ಯಾರು ಹೇಳ್ಕೊಟ್ರು ಇದನ್ನ?"

"ಯಾರೋ," ಎಂದ.

ಪ್ರತಿ ಸಲವೂ ಅವನು ಪತ್ರಿಕೆ ಸುತ್ತಿ ನಾಯಿಗೆ ಬಾರಿಸಿದ್ದ. ಅದು ಏಟು ತಿಂದು, ಏನೂ ಅರ್ಥವಾಗದೆ ಅವನ ಮುಖವನ್ನೇ ನೋಡುತ್ತಿತ್ತು. ಕೊನೆಗೆ ಬುದ್ಧಿಯಿಲ್ಲದ ಪ್ರಾಣಿಯೆಂದು ತೀರ್ಮಾನಿಸಿ ಮರದ ಮಿಲ್ಲಿನ ಕಾವಲುಗಾರನಿಗೆ ಕೊಟ್ಟುಬಿಟ್ಟಿದ್ದ. ಈಗ ಅವನಿಗೆ ನಾಚಿಕೆಯಾಯಿತು. ಆದರೆ ಗಂಟೆ ಹನ್ನೊಂದಾಗಿತ್ತು. ನಾಚಿಕೆಪಡಲು ಇದು ಹೊತ್ತಲ್ಲ.

"ಪೂರ್ತಿ ಹೋಗುತ್ತಾ?"

"ಎಂಜೈಮ್ ಹಾಕ್ತೀನಿ. ಅದು ವಾಸನೇನ ಮುಚ್ಚಲ್ಲ, ತಿಂದು ಹಾಕುತ್ತೆ. ಎರಡು ಗಂಟೆ ನೆನೀಬೇಕು, ಅವಸರ ಮಾಡ್ಬೇಡಿ."

ಅವನು ಅವಸರ ಮಾಡಲಿಲ್ಲ, ಸುಮ್ಮನೆ ಕೂರಲೂ ಇಲ್ಲ. ಸೋಫಾವನ್ನು ಮಗುಚಿ ಅಡಿಯ ಬಟ್ಟೆ ಕಿತ್ತ. ಮಂಚವನ್ನು ಒಬ್ಬನೇ ಎಳೆದ. ಸೊಂಟ ಹಿಡಿದುಕೊಂಡಾಗ ಹಲ್ಲು ಕಚ್ಚಿ ಇನ್ನೊಂದು ಬಕೆಟ್ಟು ನೀರು ತಂದ. ಮೂರು ಗಂಟೆಗೆ ಸೀಮೆಸುಣ್ಣದ ಗೆರೆಗಳೂ ತೊಳೆದುಹೋದವು. ಹೊರಡುವ ಮೊದಲು ಅವಳು ಮನೆಯಲ್ಲಿ ಒಂದು ಸುತ್ತು ಹಾಕಿದಳು.

"ಯಾರೂ ಇರದೇ ಇರೋ ಮನೆ ಥರ ಆಗಿದೆ ಸರ್," ಎಂದಳು. ಹೊಗಳಿಕೆಯ ಮಾತೇ ಅದು.

ಅವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕಾದ. ನಾಲ್ಕು ವರ್ಷದ ಹಿಂದೆ ನಾಯಿ ತಂದದ್ದೇ ಗಂಡಹೆಂಡಿರ ಮಾತಿಗೊಂದು ವಿಷಯವಿರಲೆಂದು. ಹಾಗೆಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ನಾಯಿಯ ಊಟ, ನಾಯಿಯ ಕೂದಲು, ನಾಯಿಯ ಕಿವಿಯ ಹುಣ್ಣು. ನಾಯಿ ಹೋದ ಮೇಲೆ ಒಂದು ವಾರ ಅದರ ವಾಸನೆ. ಮಾತಿಗೆ ಬರವಿರಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಅವಳು ಬಂದಳು. ಹೆಗಲಿಗೆ ಕೈಚೀಲವಿತ್ತು, ಸೂಟ್‌ಕೇಸ್ ಇರಲಿಲ್ಲ. ಅವನು ನೋಡಿದ, ಕೇಳಲಿಲ್ಲ. ಅವಳು ಕೋಣೆ ಕೋಣೆಗೆ ಹೋಗಿ ಬಂದಳು. ಬಚ್ಚಲಿಗೂ ಇಣುಕಿದಳು.

"ಇಲ್ಲ," ಎಂದಳು.

"ಇಲ್ಲ ತಾನೇ?"

"ಇಲ್ಲ. ಏನು ಹಾಕಿದ್ರಿ?"

"ಎಂಜೈಮ್."

"ಓ."

ಅಲ್ಲಿಗೆ ಮುಗಿಯಿತು. ಅಮೋನಿಯಾದ ವಿಷಯ ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ. ಅವಳು ನಡುಮನೆಯಲ್ಲಿ, ಎಲ್ಲಿ ಕೂರಬೇಕೆಂದು ತಿಳಿಯದ ನೆಂಟರಂತೆ ನಿಂತಿದ್ದಳು.

"ಕೂತ್ಕೋ."

"ಕೂತ್ಕೋತೀನಿ."

ಕೂರಲಿಲ್ಲ. ಗೋಡೆ ನೋಡಿದಳು, ಫ್ಯಾನು ನೋಡಿದಳು. ಆಮೇಲೆ ತಟ್ಟನೆ ಮೂಗರಳಿಸಿದಳು.

"ಇಲ್ಲೇ ಎಲ್ಲೋ ಇದೆ."

"ಎಲ್ಲಿ?"

"ಇದೆ. ಸಣ್ಣಗೆ."

ಕುಶನ್ ಎತ್ತಿ ಮೂಸಿದಳು, ಕೆಳಗಿಟ್ಟಳು. ಇನ್ನೊಂದು ಎತ್ತಿದಳು. ಸೆರಗು ಸಿಕ್ಕಿಸಿ ಸೋಫಾದ ಬುಡಕ್ಕೆ ಮಂಡಿಯೂರಿದಳು. ವಾಸನೆ ಸಿಗದಿದ್ದರೆ ಸೂಟ್‌ಕೇಸ್ ಏಕೆ ತರಲಿಲ್ಲವೆಂದು ಅವನು ಕೇಳಬೇಕಾಗುತ್ತಿತ್ತು, ಅವಳು ಹೇಳಬೇಕಾಗುತ್ತಿತ್ತು. ಅವನಿಗೆ ಭಯವಾಯಿತು.

"ಮೇಜಿನ ಕೆಳಗೆ ನೋಡಿದ್ಯಾ?" ಎಂದ.

"ಅದನ್ನ ನೀವು ನೋಡಿ."

ಅವನು ಇಸ್ತ್ರಿ ಅಂಗಿಯ ತೋಳು ಮಡಚಿ ನೆಲಕ್ಕೆ ಕೈಯೂರಿದ. ಆ ಗೋಡೆಯಿಂದ ಅವಳು, ಈ ಗೋಡೆಯಿಂದ ಅವನು, ಮೂಗನ್ನು ಒದ್ದೆ ನೆಲಕ್ಕೆ ತಾಗಿಸಿ ಒಂದೊಂದೇ ಹಾಸುಗಲ್ಲು ಮೂಸುತ್ತ ನಡುಮನೆಯ ಮಧ್ಯಕ್ಕೆ ಬಂದರು. ತಲೆಗೆ ತಲೆ ತಾಗುವಷ್ಟು ಹತ್ತಿರವಾದಾಗ, ಇಬ್ಬರೂ ಮುಖ ಎತ್ತದೆ ಪಕ್ಕಕ್ಕೆ ತಿರುಗಿ, ಮುಂದಿನ ಸಾಲು ಹಿಡಿದರು.