ಸಂಕೇತ ಬರದಿದ್ದರೆ ಇಲ್ಲವೆಂದೇ ಅರ್ಥ

ಬುದಾಪೆಸ್ಟಿನ ತರ್ಕಶಾಸ್ತ್ರದ ಮೇಷ್ಟ್ರು ಬುಲ್ಚುವಿಗೆ ಐವತ್ತೆರಡು ವರ್ಷ. ಬುದ್ಧಿ ಮಾತ್ರ ಬಾಹ್ಯಾಕಾಶದ ಕಪ್ಪುಕುಳಿಯ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. ಯಾವ ಲೆಕ್ಕ ಮುಗಿಯುತ್ತದೆ, ಯಾವುದು ಮುಗಿಯದೆ ಓಡುತ್ತಲೇ ಇರುತ್ತದೆ ಎಂದು ಎಲ್ಲ ಲೆಕ್ಕಗಳ ಬಗ್ಗೆಯೂ ಮುಂಚಿತವಾಗಿ ಹೇಳಬಲ್ಲ ಕಂಪ್ಯೂಟರ್ ಇಲ್ಲ. ಇವನ ಉಪಾಯ ಕೇಳಿ: ಕಂಪ್ಯೂಟರನ್ನು ಹೊರಗೆ ಬಿಟ್ಟು ನಾವು ಕುಳಿಯೊಳಕ್ಕೆ ಧುಮುಕಬೇಕು. ನಮ್ಮ ಒಂದು ಗಂಟೆಯಲ್ಲಿ ಹೊರಗೆ ಅನಂತ ಕಾಲ ಕಳೆದಿರುತ್ತದೆ. ಲೆಕ್ಕ ಮುಗಿದರೆ ಕಂಪ್ಯೂಟರಿನಿಂದ ಸಂಕೇತ ಬರುತ್ತದೆ. ಬರದಿದ್ದರೆ ಅದು ಎಂದೂ ಮುಗಿಯುವುದಿಲ್ಲ. ಧುಮುಕಿದವನ ಗತಿ ಏನಾಯಿತು ಅಂತ ಮಾತ್ರ ಕೇಳಬಾರದು.

ಇಂಥ ಮಹಾ ಬುದ್ಧಿವಂತನಿಗೆ, ವಿಭಾಗದಲ್ಲಿ ಹನ್ನೆರಡು ವರ್ಷದಿಂದ ಪಕ್ಕದ ಕೋಣೆಯಲ್ಲಿದ್ದ ಸಹೋದ್ಯೋಗಿ ಎಮೊಕೆಯನ್ನು ಮದುವೆಯಾಗ್ತೀಯಾ ಅಂತ ಕೇಳಲು ಬಾಯಿ ಬರಲಿಲ್ಲ. ಸೋಮವಾರ ಅವಳ ಮೇಜಿನ ಮೇಲೆ ಚೀಟಿ ಇಟ್ಟು ಓಡಿಬಂದ. "ನನ್ನ ಮದುವೆಯಾಗಲು ಒಪ್ಪಿಗೆಯಾದರೆ ಗುರುವಾರದೊಳಗೆ ಮನೆಗೆ ಫೋನ್ ಮಾಡು. ಬರದಿದ್ದರೆ ಇಲ್ಲವೆಂದು ತಿಳಿಯುತ್ತೇನೆ."

ರಜೆ ಹಾಕಿ ಫೋನಿನ ಪಕ್ಕದಲ್ಲೇ ಕೂತ. ಕೈ ಸುಮ್ಮನಿರದೆ, ತನ್ನ ಪ್ರಬಂಧಕ್ಕೆ ಬಂದಿದ್ದ ಆಕ್ಷೇಪಕ್ಕೆ ಭಾನುವಾರ ಶುರುಮಾಡಿದ್ದ ಉತ್ತರವನ್ನು ಮುಂದುವರಿಸಿದ. ಫೋನು ತುಟಿ ಪಿಟಕ್ಕೆನ್ನಲಿಲ್ಲ. ಶುಕ್ರವಾರ ಬೆಳಿಗ್ಗೆ, ಇನ್ನು ಈ ಮುಖ ಅವಳಿಗೆ ತೋರಿಸಲಾರೆ ಎಂದು ದೂರದ ಸೆಗೆಡ್ ಊರಿಗೆ ವರ್ಗ ಕೇಳುವ ಅರ್ಜಿ ಬರೆದು ಜೇಬಿಗಿಟ್ಟುಕೊಂಡ. ಅಳು ಬಂದಿತ್ತು, ನೆಗಡಿ ಅಂದುಕೊಂಡ.

ಅವತ್ತು ಅವನದೇ ಸೆಮಿನಾರು. ಹುಡುಗರೆಲ್ಲ ವಾಡಿಕೆಯಂತೆ ಉಪ್ಪಿನ ಪೊಗಾಚಾ ಬನ್ನು ಮೆಲ್ಲುತ್ತಿದ್ದರು. ಬುಲ್ಚು ಬೋರ್ಡಿನ ಕಡೆ ತಿರುಗಿ, "ಸಂಕೇತ ಬರಲಿಲ್ಲ ಅಂದ್ರೆ, ಎಂದೂ ಬರಲ್ಲ" ಅಂದ.

ಹಿಂದಿನ ಬೆಂಚಿನಿಂದ ಎಮೊಕೆ ಕೇಳಿದಳು, "ಸಂಕೇತ ಹಿಡಿಯೋ ಯಂತ್ರಾನೇ ಕೆಟ್ಟಿದ್ರೆ?"

ಪ್ರಬಂಧಕ್ಕೆ ಆಕ್ಷೇಪ ಬಂದಿದ್ದೂ ಇದೇ. "ನಾಲ್ಕು ಪುಟ ಉತ್ತರ ಬರೆದಿದ್ದೀನಿ. ತಲೆ ನೆಟ್ಟಗಿರೋ ಯಾರೂ ತನ್ನ ಯಂತ್ರ ನೋಡ್ಕೊಳ್ಳದೆ ಧುಮುಕಲ್ಲ" ಅಂದ ಬುಲ್ಚು.

"ಹೌದಾ? ಹದಿನಾಲ್ಕು ಸಲ ಫೋನ್ ಮಾಡಿದೀನಿ ಕಣೋ."

ಆಗ ನೆನಪಾಯಿತು. ಆ ನಾಲ್ಕು ಪುಟ ಬರೆಯಲು ಯಾರೂ ತೊಂದರೆ ಕೊಡದಿರಲಿ ಅಂತ, ಭಾನುವಾರ ಅವನೇ ಫೋನಿನ ವೈರು ಕಿತ್ತಿಟ್ಟಿದ್ದ.

"ಹದಿನಾಲ್ಕೂ ಸಲ... ಒಪ್ಪಿಗೆ ಅನ್ನೋಕಾ?"

"ಹದಿಮೂರು ಸಲ. ಕೊನೇದು ಬೈಯೋಕೆ."

ಹುಡುಗರ ಬಾಯಲ್ಲಿದ್ದ ಪೊಗಾಚಾ ಅಲ್ಲೇ ನಿಂತಿತು. ಬುಲ್ಚು ಅರ್ಜಿಯನ್ನು ಜೇಬಿನಿಂದ ತೆಗೆದು ಹರಿದ. "ತಲೆ ನೆಟ್ಟಗಿರೋ ಯಾರೂ ಅನ್ನೋ ಸಾಲು ಹೊಡೆದುಹಾಕ್ರಪ್ಪ. ನಾನೇ ಸಾಕ್ಷಿ" ಅಂದ. ಆಮೇಲೆ, ಅಷ್ಟೂ ಜನರ ಮುಂದೆ, ಸೀಮೆಸುಣ್ಣದ ಕೈಯಲ್ಲೇ ಮೂಗು ಒರೆಸಿಕೊಂಡು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ: "ಎಮೊಕೆ, ನನ್ನ ಮದುವೆಯಾಗ್ತೀಯಾ?"

"ಹೂಂ" ಅಂದಳು. ಈ ಸಲ ಕೇಳಿಸಿತು.