ಎರಡನೆಯ ಒಂಬತ್ತು

ಹಯಗ್ರೀವರಾಯರು ಯಾವ ಮಾತನ್ನೂ ಒಬ್ಬರ ಬಾಯಿಂದ ಕೇಳಿ ನಂಬಿದವರಲ್ಲ. ಹೊಸೂರು ಬಸ್ ನಿಲ್ದಾಣದಲ್ಲಿ ಕೃಷ್ಣಗಿರಿಯ ಬಸ್ಸು ಯಾವುದೆಂದು ಒಬ್ಬನನ್ನು ಕೇಳಿ, ನಾಲ್ಕು ಹೆಜ್ಜೆ ಆಚೆ ಹೋಗಿ, ಮೊದಲನೆಯವನ ಕಿವಿಗೆ ಬೀಳದಂತೆ ಇನ್ನೊಬ್ಬನನ್ನು ಕೇಳುತ್ತಿದ್ದರು. ಇಬ್ಬರ ಉತ್ತರವೂ ಒಂದೇ ಆದರೆ ಹತ್ತುತ್ತಿದ್ದರು, ಬೇರೆಬೇರೆಯಾದರೆ ಮೂರನೆಯವನನ್ನು ಹುಡುಕುತ್ತಿದ್ದರು, ಅಷ್ಟರಲ್ಲಿ ಬಸ್ಸು ಹೊರಟುಹೋದರೆ ಅದಕ್ಕಾಗಿ ಬೇಸರಪಟ್ಟದ್ದನ್ನು ನಾನು ಕಂಡಿಲ್ಲ. ತರಕಾರಿ ಮಾರುವ ನರಸಮ್ಮನಿಗೆ ಈ ಅಭ್ಯಾಸ ಚೆನ್ನಾಗಿ ಗೊತ್ತಿತ್ತು. ಬದನೆಕಾಯಿ ಕೈಯಲ್ಲಿ ಹಿಡಿದು ಅವರು ಪಕ್ಕದ ಅಂಗಡಿಯತ್ತ ಕತ್ತು ತಿರುಗಿಸಿದರೆ ಸಾಕು, "ಹೋಗಿ ಸಾಮಿ, ಆಯಮ್ಮನ್ನೂ ಕೇಳ್ಕೊಂಡ್ ಬನ್ನಿ, ನನ್ ಬದ್ನೆಕಾಯಿ ಎಲ್ಲೂ ಓಡೋಗಲ್ಲ" ಎನ್ನುತ್ತಿದ್ದಳು.

ಇದು ಅವರ ಕಸುಬಿನಿಂದ ಬಂದ ಗುಣವೋ, ಗುಣಕ್ಕೆ ತಕ್ಕ ಕಸುಬು ಸಿಕ್ಕಿತೋ ಹೇಳಲಾರೆ. ಕೃಷ್ಣಗಿರಿಯಲ್ಲಿ ಗಣಿತ ಪಾಠ ಹೇಳಿ ನಿವೃತ್ತರಾದ ಮೇಲೆ, ಹೊಸೂರಿನ ತಮ್ಮ ಮನೆಯ ಮುಂಗೋಣೆಯಲ್ಲಿ ಕೂತು ಅವರು ಗಣಕಶಾಸ್ತ್ರದ ಒಂದು ಇಂಗ್ಲಿಷ್ ತ್ರೈಮಾಸಿಕವನ್ನು ಸಂಪಾದಿಸುತ್ತಿದ್ದರು. ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಊರಿನಲ್ಲೇ ಅದನ್ನು ಕಣ್ಣಾರೆ ಕಂಡವರು ಕೆಲವೇ ಮಂದಿ. ಮದರಾಸಿನಿಂದ, ಕಾನ್ಪುರದಿಂದ, ಬೆಂಗಳೂರಿನಿಂದ ಬಂದ ಲೇಖನಗಳ ಮೇಲಿನ ಹೆಸರು ತೆಗೆದು, ವಿಷಯ ಬಲ್ಲ ಇಬ್ಬರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಅವರನ್ನು ರೆಫರಿಗಳೆನ್ನುತ್ತಿದ್ದೆವು. ಬರೆದವರು ಯಾರೆಂದು ರೆಫರಿಗೆ ತಿಳಿಯಬಾರದು, ರೆಫರಿ ಯಾರೆಂದು ಬರೆದವರಿಗೂ ತಿಳಿಯಬಾರದು. ೧೯೭೯ರಲ್ಲಿ ಬಿ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರಿದ ನಾನು, ನಮ್ಮೂರು ಉದ್ದನಪಲ್ಲಿಗೆ ಹೋದಾಗ ನನ್ನ ತಂದೆ ನಾರಾಯಣಪ್ಪನವರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕಳೆ ಕೀಳುತ್ತಲೇ ಕೇಳಿ, "ಯಾರು ಅಂತ ತಿಳೀದಂಗೆ ತಪ್ಪು ಹುಡುಕ್ತಾರಾ? ಅಂಗಾದ್ರೆ ಒಳ್ಳೆ ಕೆಲ್ಸನೇ ಕಣ್ಲಾ, ಜಗಳ ಬರಲ್ಲ" ಎಂದರು.

ರಾಯರು ಪಂಚೆಯ ಮೇಲೆ ಬೂದುಬಣ್ಣದ ಕೋಟು ತೊಡುತ್ತಿದ್ದರು. ಅದರ ಎಡಗಡೆಯ ಜೇಬಿನಲ್ಲಿ ಅಂಚೆಯ ರಸೀದಿಗಳು ತುಂಬಿ, ದೂರದಿಂದ ನೋಡಿದರೆ ಆ ಕಡೆಗೆ ತುಸು ವಾಲಿಕೊಂಡೇ ನಡೆಯುವಂತೆ ಕಾಣುತ್ತಿತ್ತು. ಯಾರು ಏನೇ ಹೇಳಲಿ, "ಸರಿ, ಆದ್ರೆ ಯಾಕೆ?" ಎನ್ನುವುದು ಅವರ ಬಾಯಿಗೆ ಅಂಟಿದ ಮಾತು. ಒಬ್ಬ ರೆಫರಿ ಸಿಟ್ಟಿನಲ್ಲಿ, ಈ ಲೇಖಕನಿಗೆ ಗಣಿತವೇ ಬಾರದು ಎಂದಷ್ಟೇ ಬರೆದು ಕಳಿಸಿದಾಗ, ಯಾವ ಪುಟದ ಯಾವ ಸಾಲಿನಿಂದ ಅದು ತಿಳಿಯಿತೆಂದು ದಯವಿಟ್ಟು ತಿಳಿಸಬೇಕು ಎಂದು ಬಿನ್ನವಿಸಿಕೊಂಡು ಅದನ್ನು ಅವರಿಗೇ ಹಿಂದಿರುಗಿಸಿದರು.

ಇಂಥವರು ತಾವೂ ಒಂದು ಲೇಖನ ಬರೆಯುತ್ತಿದ್ದರು. ಒಂದೇ ಒಂದು, ಹನ್ನೊಂದು ವರ್ಷಗಳಿಂದ. ಸಂಖ್ಯೆಗಳ ಪಟ್ಟಿಯೊಂದನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಲು ಗಣಕಯಂತ್ರ ಪಡುವ ಶ್ರಮವನ್ನು ತಗ್ಗಿಸುವ ಉಪಾಯ ಅದು. ಯಂತ್ರವಿಲ್ಲದ್ದರಿಂದ ಹಳೆಯ ಮದುವೆಯ ಆಹ್ವಾನಪತ್ರಗಳನ್ನು ಕತ್ತರಿಸಿ, ಹಿಂಬದಿಗೆ ಒಂದರಿಂದ ನಲವತ್ತರವರೆಗೆ ಅಂಕಿ ಬರೆದು, ಪಡಸಾಲೆಯಲ್ಲಿ ಹರಡಿ, ಮಂಡಿಯೂರಿ ಆ ಉಪಾಯದಂತೆ ಸರಿಸುತ್ತಿದ್ದರು. ಅವರ ಹೆಂಡತಿ ರಾಧಮ್ಮ ಹನ್ನೊಂದು ವರ್ಷವೂ ಆ ಚೀಟಿಗಳನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಿಬಂದರು.

೧೯೮೧ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ರಾಯರು ಲೇಖನವನ್ನು ನನ್ನ ಕೈಗಿತ್ತು, ಇದು ಬೇರೆಯವರದೆಂದು ತಿಳಿದೇ ನಡೆಸು, ರೆಫರಿಗಳನ್ನು ನೀನೇ ಆರಿಸು, ನನಗೆ ಹೇಳಬೇಡ ಎಂದರು. ನಾನು ಅತಿ ಶ್ರದ್ಧೆಯಿಂದ ಹೆಸರು, ಊರು ಎಲ್ಲ ತೆಗೆದು ಹೊಸದಾಗಿ ಟೈಪ್ ಮಾಡಿ ಕಳಿಸಿದೆ. ಎಂಟೇ ದಿನಗಳಲ್ಲಿ ಎರಡು ಉತ್ತರಗಳೂ ಬಂದವು. ಎರಡೂ ಹೊಗಳಿಕೆ. ಮುದ್ರಣಕ್ಕೆ ಯೋಗ್ಯ, ಒಂದಕ್ಷರ ಬದಲಿಸಬೇಕಾಗಿಲ್ಲ. ಬರೆದವರ ಸಹಿ ಬಿಟ್ಟು, ಉಳಿದದ್ದನ್ನೆಲ್ಲ ಯಥಾವತ್ತಾಗಿ ನಕಲು ಮಾಡಿ ಹಿಗ್ಗಿನಿಂದ ಅವರ ಮುಂದಿಟ್ಟೆ. ರಾಧಮ್ಮನವರು ಆಗಲೇ ಕೇಸರಿಬಾತಿಗೆಂದು ಒಲೆಯ ಮೇಲೆ ರವೆ ಹುರಿಯಲು ಇಟ್ಟಿದ್ದರು.

ರಾಯರು ಎರಡು ಸಲ ಓದಿದರು. "ಎಂಟು ದಿನಕ್ಕೆ ಉತ್ತರ ಕೊಡೋ ರೆಫರಿ ಈ ಭೂಮಿ ಮೇಲೆ ಹುಟ್ಟಿಲ್ಲ ಕಣಯ್ಯಾ ಚಿನ್ನಸ್ವಾಮಿ. ಒಂದು ಪ್ರಶ್ನೇನೂ ಇಲ್ಲ. ಇಲ್ನೋಡು, ಕೊನೇಲಿ ಮನೆಯವರಿಗೆಲ್ಲ ನಮಸ್ಕಾರ ಅಂತಿದೆ. ಯಾರ ಮನೆಯವರಿಗೆ?"

ನಕಲು ಮಾಡುವಾಗ ಆ ಸಾಲು ನನಗೆ ಸೌಜನ್ಯವಾಗಿ ಕಂಡಿತ್ತೇ ಹೊರತು ಬೇರೇನೂ ಹೊಳೆದಿರಲಿಲ್ಲ. ಬರೆದವರು ರಾಯರೆಂಬ ಗುಟ್ಟು ಹೇಗೆ ಬಯಲಾಯಿತೆಂದು ಇಬ್ಬರೂ ಲೇಖನವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ರಾಯರ ಮುಂಗೋಣೆಯಲ್ಲಿದ್ದ ಆ ಹಳೆಯ ಟೈಪ್‌ರೈಟರಿನಲ್ಲಿ ಇಂಗ್ಲಿಷಿನ 'ಇ' ಅಕ್ಷರ ಸಾಲು ಬಿಟ್ಟು ಒಂದೆಳ್ಳಿನಷ್ಟು ಮೇಲಕ್ಕೆ ನೆಗೆಯುತ್ತಿತ್ತು. ಎಷ್ಟೋ ವರ್ಷಗಳಿಂದ ದೇಶದ ಎಲ್ಲ ರೆಫರಿಗಳಿಗೂ ರಾಯರ ಪತ್ರ ಹೋಗುತ್ತಿದ್ದದ್ದು ಅದರಿಂದಲೇ. ನಾನು ಹೆಸರನ್ನು ಮೊದಲ ಪುಟದಿಂದ ತೆಗೆದು, ಪ್ರತಿ ಸಾಲಿನಲ್ಲೂ ಮತ್ತೆ ಬರೆದು ಕಳಿಸಿದ್ದೆ.

ನಾನು ಕುಗ್ಗಿಹೋದೆ. ರಾಯರು ಮಾತ್ರ ಆ ನೆಗೆಯುವ ಅಕ್ಷರವನ್ನು ಬೆರಳಿನಿಂದ ಸವರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ, ಬೆಂಗಳೂರಿನ ಅಚ್ಚುಕೂಟಕ್ಕೆ ಹೋಗಬೇಕಿದ್ದ ಕಟ್ಟಿನಿಂದ ತಮ್ಮ ಲೇಖನವನ್ನು ಎಳೆದಿಟ್ಟರು. ಆಗ ರಾಧಮ್ಮನವರು ಸೌಟು ಹಿಡಿದೇ ಹೊರಗೆ ಬಂದರು.

"ಅಲ್ಲಾಂದ್ರೆ, ಇಬ್ರೂ ಚೆನ್ನಾಗಿದೆ ಅಂದಿದಾರಲ್ಲ. ನಿಮ್ ಹೆಸರು ಒಂದ್ಸಲಾನಾದ್ರೂ ಅಚ್ಚಲ್ಲಿ ನೋಡ್ಬೇಕು ಅಂತ ನಂಗೂ ಇರುತ್ತೆ. ನಮಗೇನ್ ವಯಸ್ಸು ಹಿಂದಕ್ಕೆ ಹೋಗುತ್ತಾ?"

ರಾಯರು ಲೇಖನದ ಪುಟಗಳನ್ನು ಒಟ್ಟುಮಾಡಿ ಅಂಚು ಸರಿಪಡಿಸಿದರು. ಆಮೇಲೆ ಮೆಲ್ಲಗೆ, "ಚೆನ್ನಾಗಿದೆ ಅಂದದ್ದು ನನ್ನನ್ನ, ರಾಧಾ. ಲೇಖನ ಇನ್ನೂ ಯಾರೂ ಓದಿಲ್ಲ" ಎಂದರು.

ಮರುದಿನ ನಾನು ಕೃಷ್ಣಗಿರಿಯ ಒಂದು ಟೈಪಿಂಗ್ ಶಾಲೆಗೆ ಹೋಗಿ, ಅಕ್ಷರಗಳೆಲ್ಲ ಸಾಲಿನೊಳಗೇ ಇರುವ ಯಂತ್ರದಲ್ಲಿ ಹನ್ನೆರಡು ಪುಟ ಮತ್ತೆ ಟೈಪ್ ಮಾಡಿ, ಬೇರೆ ಇಬ್ಬರಿಗೆ ಅಲ್ಲಿಂದಲೇ ಅಂಚೆಗೆ ಹಾಕಿದೆ. ಅವರ ಹೆಸರನ್ನು ಇಂದಿಗೂ ಹೇಳಲಾರೆ. ಏಳು ತಿಂಗಳು ಕಾದೆವು. ರಾಯರು ಆ ವಿಷಯ ಎತ್ತಲಿಲ್ಲ. ಅಂಚೆಯವನ ಸೈಕಲ್ಲಿನ ಗಂಟೆಗೆ ಮಾತ್ರ ಅವರ ಪೆನ್ನು ಕಾಗದದ ಮೇಲೆ ನಿಲ್ಲುತ್ತಿತ್ತು.

ಕೊನೆಗೆ ಉತ್ತರಗಳು ಬಂದವು. ಒಬ್ಬರದು ಪ್ರಶ್ನೆಗಳ ಸರಮಾಲೆ. ಇನ್ನೊಬ್ಬರು ಮೂರು ಪುಟ ಬರೆದಿದ್ದರು: ಪಟ್ಟಿಯಲ್ಲಿ ಒಂದೇ ಸಂಖ್ಯೆ ಎರಡು ಸಲ ಬಂದರೆ ಈ ವಿಧಾನ ಕೆಡುತ್ತದೆ, ಉದಾಹರಣೆಗೆ ಈ ಏಳು ಸಂಖ್ಯೆಗಳನ್ನು ನೋಡಿ. ಅವುಗಳಲ್ಲಿ ಒಂಬತ್ತು ಎರಡು ಸಲ ಇತ್ತು.

ರಾಯರು ಚೀಟಿಗಳನ್ನು ತರಿಸಿದರು. ನಲವತ್ತರಲ್ಲಿ ಒಂಬತ್ತು ಇದ್ದದ್ದು ಒಂದೇ. ಹನ್ನೊಂದು ವರ್ಷದಲ್ಲಿ ಎರಡನೆಯದು ಬೇಕೆಂದು ಅವರಿಗೆ ತೋಚಿರಲಿಲ್ಲ. ಯಾರದೋ ಗೃಹಪ್ರವೇಶದ ಪತ್ರ ಹರಿದು ಇನ್ನೊಂದು ಒಂಬತ್ತು ಬರೆದು, ಏಳನ್ನೂ ಹರಡಿ, ತಮ್ಮದೇ ನಿಯಮದಂತೆ ಒಂದೊಂದಾಗಿ ಸರಿಸಿದರು. ಹೊಸ ಒಂಬತ್ತು ಹನ್ನೆರಡರ ಆಚೆ ಹೋಗಿ ಕೂತಿತು. ಮತ್ತೊಮ್ಮೆ ಸರಿಸಿದರು, ಅಲ್ಲೇ ಕೂತಿತು. ನನಗೆ ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

"ರಾಧಾ, ಬಾ ಇಲ್ಲಿ. ತಪ್ಪು ಸಿಕ್ತು ಕಣೇ."

"ಯಾರ್ದು?"

"ನಂದೇ" ಎಂದರು, ಕಳೆದುಹೋದ ಆಭರಣ ಸಿಕ್ಕವರ ದನಿಯಲ್ಲಿ. "ನೋಡು, ಎಷ್ಟು ಅಚ್ಚುಕಟ್ಟಾಗಿ ಹಿಡಿದಿದಾರೆ."

ರಾಧಮ್ಮನವರು ಬಗ್ಗಿ ಆ ಏಳು ಚೀಟಿಗಳನ್ನು ನೋಡಿದರು, ಗಂಡನನ್ನು ನೋಡಿದರು. "ಹನ್ನೊಂದು ವರ್ಷ ದಾಟಿಕೊಂಡ್ ಓಡಾಡಿದೀನಿ, ನನ್ನೇ ಕೇಳಿದ್ರೆ ಹೇಳ್ತಿದ್ದೆ, ಒಂದೇ ಥರದ್ದು ಎರಡಿದ್ರೆ ಯಾವತ್ತೂ ತೊಂದರೇನೇ ಅಂತ" ಎಂದು ಮುಖ ಊದಿಸಿ, ತಾವೇ ನಕ್ಕುಬಿಟ್ಟರು. ಅಂದು ರವೆ ನಿಜವಾಗಿ ಕೇಸರಿಬಾತಾಯಿತು.

ಸಂಖ್ಯೆಗಳು ಮರುಕಳಿಸದ ಪಟ್ಟಿಗೆ ಆ ಉಪಾಯ ಸರಿಯಾಗಿಯೇ ಇತ್ತು. ಅಷ್ಟನ್ನೇ ಉಳಿಸಿಕೊಂಡ ಲೇಖನ ಹನ್ನೆರಡು ಪುಟದಿಂದ ಎರಡಕ್ಕೆ ಇಳಿಯಿತು. ಇಬ್ಬರು ರೆಫರಿಗಳೂ ಮತ್ತೆ ಓದಿ ಒಪ್ಪಿದರು. ಹೆಸರು ತಿಳಿಯದ ಪರಿಶೀಲಕರಿಗೆ ಕೃತಜ್ಞತೆ ಹೇಳುವ ಒಂದು ಸಾಲಿನೊಂದಿಗೆ ೧೯೮೩ರ ಮೊದಲ ಸಂಚಿಕೆಯಲ್ಲಿ ಪ್ರಕಟವಾಯಿತು. ರಾಧಮ್ಮನವರು ಇಂಗ್ಲಿಷ್ ಓದಲಾರರು; ಹೆಸರೆಲ್ಲಿದೆಯೆಂದು ನನ್ನಿಂದ ತೋರಿಸಿಕೊಂಡು, ಅದರ ಮೇಲೆ ಬೆರಳಿಟ್ಟು ಕೂತಿದ್ದರು.

ತಪ್ಪನ್ನು ಒಪ್ಪಿಕೊಳ್ಳುವವರನ್ನು ನಾನು ಆಮೇಲೂ ಬೇಕಾದಷ್ಟು ಕಂಡಿದ್ದೇನೆ. ತಲೆ ತಗ್ಗಿಸಿ, ದೊಡ್ಡ ಮನಸ್ಸು ಮಾಡಿ ಒಪ್ಪಿಕೊಳ್ಳುತ್ತಾರೆ. ಅದಕ್ಕೆ ಸಂತೋಷಪಡುವವರು ವಿರಳ. ತಾವು ಹೇಳಿದ್ದು ನಿಲ್ಲಬೇಕೆಂಬ ಆಸೆ ಅಂಥವರಿಗೂ ನಮ್ಮಷ್ಟೇ ಇರುತ್ತದೆ. ಆದರೆ ಬೀಳಬೇಕಾದದ್ದು ತಮ್ಮ ಕಣ್ಣೆದುರಿಗೇ ಬಿದ್ದುಹೋದರೆ, ಉಳಿದದ್ದರ ಮೇಲೆ ಇನ್ನೊಬ್ಬರು ಧೈರ್ಯವಾಗಿ ಕಾಲಿಡಬಹುದಲ್ಲ ಎಂದು ಅವರು ಹಿಗ್ಗುತ್ತಾರೆ. ಅವರ ಹೆಸರು ಹೆಚ್ಚು ಪುಟಗಳಲ್ಲಿ ಸಿಗುವುದಿಲ್ಲ. ಸಿಕ್ಕ ಪುಟವನ್ನು ಮಾತ್ರ ಯಾರೂ ಅನುಮಾನದಿಂದ ಓದಬೇಕಾಗಿಲ್ಲ.