ಅಳೆಯದೆ ಅಂಟಿಸಿದ ಚೀಟಿ

ಅಗ್ಗದ ಟ್ಯಾಬ್ಲೆಟ್‌ಗಳ ವ್ಯಾಪಾರದಲ್ಲಿ ಪೆಟ್ಟಿಗೆಯ ಮೇಲೆ ಅಚ್ಚಾದದ್ದನ್ನು ಯಾರೂ ನಂಬುವುದಿಲ್ಲ. ಹತ್ತು ಗಂಟೆ ಬಾಳುವುದೆಂದು ಬರೆದ ಬ್ಯಾಟರಿ ಮೂರು ಗಂಟೆಗೆ ಸುಸ್ತಾಗುತ್ತದೆ. ಕುಮಾಸಿ ನಗರದ ಆಡುಮ್ ಪೇಟೆಯಲ್ಲಿ ಹಳದಿ ಕೊಡೆಯ ಕೆಳಗೆ ಮೇಜು ಹಾಕಿಕೊಂಡಿದ್ದ ನನ್ನ ಬಳಿಗೆ ಜನ ಬರುತ್ತಿದ್ದದ್ದು ಈ ಕಾರಣಕ್ಕೇ. ನಾನು ಭೌತವಿಜ್ಞಾನದ ಪದವೀಧರೆ. ಸಗಟು ಅಂಗಡಿಯಿಂದ ತಂದ ಪ್ರತಿಯೊಂದು ಟ್ಯಾಬ್ಲೆಟ್ಟಿನ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಪೂರ್ತಿ ಇಳಿಸುತ್ತಿದ್ದೆ. ಗಾಜಿನ ಮೇಲೆ ಅಂಚಿನಿಂದ ಅಂಚಿಗೆ ಬೆರಳೆಳೆದು ಎಲ್ಲಿ ಸ್ಪರ್ಶ ಸತ್ತಿದೆಯೆಂದು ಹುಡುಕುತ್ತಿದ್ದೆ. ಜೊತೆಗೆ ಕೊಡುವ ಮೆಮೊರಿ ಕಾರ್ಡನ್ನು ಕಂಠದವರೆಗೆ ತುಂಬಿ, ತುಂಬಿದ್ದನ್ನೆಲ್ಲ ಮರಳಿ ಓದಿ ನೋಡುತ್ತಿದ್ದೆ.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವಾದದ್ದು. ಎಂಟು ಜಿಬಿಯಷ್ಟೇ ಹಿಡಿಸುವ ಕಾರ್ಡಿನ ಮೇಲೆ ಅರವತ್ತನಾಲ್ಕು ಎಂದು ಅಚ್ಚು ಹಾಕಿ, ಟ್ಯಾಬ್ಲೆಟ್ ವಿಚಾರಿಸಿದರೂ ಅರವತ್ತನಾಲ್ಕೇ ಎಂದು ಉತ್ತರಿಸುವಂತೆ ಅದರ ಒಳಗನ್ನು ತಿದ್ದಿ ಮಾರುವವರಿದ್ದಾರೆ. ಎಂಟು ತುಂಬಿದ ಮೇಲೆ ಹಾಕಿದ್ದೆಲ್ಲ ಅಂಥ ಕಾರ್ಡಿನಲ್ಲಿ ಬರೀ ಹೆಸರಾಗಿ ಉಳಿಯುತ್ತದೆ. ಕಡತದ ಹೆಸರು ಕಾಣುತ್ತದೆ, ಗಾತ್ರವೂ ಕಾಣುತ್ತದೆ; ತೆರೆದರೆ ಒಳಗೆ ಏನೂ ಇರುವುದಿಲ್ಲ. ಇದನ್ನು ಕಂಡುಹಿಡಿಯಲು ಒಂದೇ ದಾರಿ, ಪೂರ್ತಿ ತುಂಬಿಸಿ ನೋಡುವುದು. ಒಂದು ಕಾರ್ಡಿಗೆ ಮೂರು ಗಂಟೆ ಬೇಕು.

ಪರೀಕ್ಷೆ ಮುಗಿದ ಟ್ಯಾಬ್ಲೆಟ್ಟಿನ ಬೆನ್ನಿಗೆ ನಾನೊಂದು ಬಿಳಿ ಚೀಟಿ ಅಂಟಿಸುತ್ತಿದ್ದೆ. ಅದರಲ್ಲಿ ಬ್ಯಾಟರಿಯ ಗಂಟೆಗಳು, ಕಾರ್ಡಿನ ಅಳತೆ, ಕೆಳಗೆ 'ಅಳೆದಿದೆ' ಎಂಬ ಪದ, ಅದರ ಪಕ್ಕದಲ್ಲಿ ನನ್ನ ಸಹಿ. ಪಕ್ಕದ ಮೇಜಿನಲ್ಲಿ ಒಡೆದ ಗಾಜು ಬದಲಿಸುವ ಡಂಕ್ವಾ ಇದನ್ನು ಕಂಡು ನನಗೆ ಪ್ರೊಫೆಸರ್ ಎಂದು ಹೆಸರಿಟ್ಟಿದ್ದರು. "ಈ ಪ್ರೊಫೆಸರ್ ಮೊಟ್ಟೆ ಕೊಂಡ್ರೂ ಒಳಗೆ ಹಳದಿ ಎಷ್ಟಿದೆ ಅಂತ ಅಳೆದೇ ಬೇಯಿಸೋದು," ಎಂದು ಗಿರಾಕಿಗಳೆದುರು ಹೇಳುತ್ತಿದ್ದರು. ಆ ಮಾತಿನಿಂದ ನನ್ನ ವ್ಯಾಪಾರ ಹೆಚ್ಚುತ್ತಿತ್ತು. ನನಗೂ ಅದು ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮಾಮೆ ಪೊಕುವಾ ಅದೇ ಊರಿನ ಅಸಾಫೋ ಬಡಾವಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವರು. ನನ್ನ ಪದವಿಪ್ರದಾನದ ದಿನದ ಉಡುಪನ್ನು ಹೊಲಿದವರೂ ಅವರೇ. ಗಿರಾಕಿಗಳ ಅಳತೆಗಳನ್ನು ಅವರು ಎಣ್ಣೆ ಹಿಡಿದ ಐದು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಒಬ್ಬರ ಸೊಂಟದ ಅಳತೆ ಹುಡುಕಲು ಅರ್ಧ ಗಂಟೆ ಹೋಗುತ್ತಿತ್ತು. ಆ ಪುಸ್ತಕಗಳ ಅಭ್ಯಾಸ ಬಿಡಿಸಿದವಳು ನಾನು. ಗಿರಾಕಿಯನ್ನು ನಿಲ್ಲಿಸಿ, ಟೇಪು ಹಿಡಿದು, ಒಂದೊಂದು ಅಳತೆಯನ್ನೂ ಬಾಯಿಬಿಟ್ಟು ಹೇಳುತ್ತ ಟ್ಯಾಬ್ಲೆಟ್ಟಿನಲ್ಲಿ ವಿಡಿಯೋ ಮಾಡಿಕೊಂಡರೆ ಅಳತೆಯ ಜೊತೆಗೆ ಆಕೆಯ ನಿಲುವು, ಭುಜದ ಇಳಿಜಾರು ಎಲ್ಲವೂ ಸಿಗುತ್ತದೆಂದು ವಿವರಿಸಿದೆ. ಹಳೆಯ ಪುಸ್ತಕಗಳನ್ನು ಏನು ಮಾಡಲೆಂದು ಅವರು ಕೇಳಿದಾಗ ಇನ್ನು ಅವು ರದ್ದಿ ಎಂದೆ. ಒಂದು ತಿಂಗಳ ನಂತರ ಕಡಲೆಕಾಯಿ ಮಾರುವವಳ ಬಳಿ ಹುರಿದ ಬೀಜ ಕೊಂಡಾಗ ಪೊಟ್ಟಣದ ಕಾಗದದ ಮೇಲೆ 'ಎದೆ ಮೂವತ್ತೆಂಟು, ತೋಳು ಒಂಬತ್ತೂವರೆ' ಎಂದಿತ್ತು. ಅದನ್ನು ಡಂಕ್ವಾ ಅವರಿಗೆ ತೋರಿಸಿ ನಾನು ನಕ್ಕಿದ್ದೆ.

ಮಾಮೆ ಪೊಕುವಾ ಕೊಂಡ ಟ್ಯಾಬ್ಲೆಟ್, ಈಸ್ಟರಿನ ಮುಂಚಿನ ಗುರುವಾರ ನಾನು ಮಾರಿದ ಹನ್ನೆರಡರಲ್ಲಿ ಒಂದು. ಕಾರ್ಡುಗಳು ಸಗಟು ಅಂಗಡಿಯಿಂದ ಬಂದಾಗ ಬೆಳಿಗ್ಗೆ ಹತ್ತಾಗಿತ್ತು. ಊರಿಗೆ ಹೊರಟ ಜನ ಚೀಲಗಳನ್ನು ಹೊತ್ತು ಮೇಜಿನ ಮುಂದೆ ನಿಂತಿದ್ದರು. ಹನ್ನೆರಡು ಕಾರ್ಡಿಗೆ ತಲಾ ಮೂರು ಗಂಟೆ ಎಂದರೆ ಮೂವತ್ತಾರು ಗಂಟೆ. ನಾನು ಪ್ರತಿ ಕಾರ್ಡನ್ನೂ ಟ್ಯಾಬ್ಲೆಟ್ಟಿಗೆ ಹಾಕಿ, ಪರದೆಯ ಮೇಲೆ ಅರವತ್ತನಾಲ್ಕು ಎಂದು ಕಾಣುತ್ತದೆಯೇ ಎಂದಷ್ಟೇ ನೋಡಿದೆ. ಹನ್ನೆರಡರಲ್ಲೂ ಕಂಡಿತು. ಹನ್ನೆರಡು ಚೀಟಿಗಳನ್ನು ಬರೆದೆ. 'ಅಳೆದಿದೆ' ಎಂಬ ಪದವನ್ನು ಹನ್ನೆರಡು ಸಲ ಬರೆಯುವಾಗ ಒಂದು ಸಲವೂ ನನ್ನ ಕೈ ತಡೆಯಲಿಲ್ಲ.

ಜುಲೈ ತಿಂಗಳ ಒಂದು ಮಂಗಳವಾರ ಮಾಮೆ ಪೊಕುವಾ ಟ್ಯಾಬ್ಲೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಮಾಂಪಾಂಗ್ ರಸ್ತೆಯ ಹಳ್ಳಿಯೊಂದರ ಹಿರಿಯರು, ಎಲ್ಲರೂ ಗೌರವದಿಂದ ನಾನಾ ಎಂದು ಕರೆಯುವ ಸಪೊಮಾ, ತೀರಿಕೊಂಡ ತಮ್ಮನ ವರ್ಷದ ಕರ್ಮಕ್ಕೆ ಕುಟುಂಬದ ನಲವತ್ತೆರಡು ಹೆಂಗಸರಿಗೆ ಒಂದೇ ಬಟ್ಟೆಯ ಉಡುಪು ಹೊಲಿಯಲು ಒಪ್ಪಿಸಿದ್ದರು. ಜೂನ್ ತಿಂಗಳಲ್ಲಿ ಕುಟುಂಬದ ಸಭೆಗೆ ಒಬುವಾಸಿ, ಸುನ್ಯಾನಿ, ತೆಮಾದಂಥ ದೂರದ ಊರುಗಳಿಂದ ಎಲ್ಲರೂ ಬಂದಿದ್ದ ಒಂದೇ ದಿನ ಮಾಮೆ ಅಲ್ಲಿಗೆ ಹೋಗಿ ನಲವತ್ತೆರಡು ವಿಡಿಯೋ ಮಾಡಿ ತಂದಿದ್ದರು. ಈಗ ಒಂದೂ ತೆರೆಯುತ್ತಿಲ್ಲ. ಕರ್ಮಕ್ಕೆ ಉಳಿದದ್ದು ಹದಿನೆಂಟು ದಿನ. ಒಂದು ಸಲ ತಪ್ಪಾದರೂ ಕೆಲಸ ಬೇರೆಯವರಿಗೆ ಎಂದು ನಾನಾ ಮೊದಲೇ ಹೇಳಿದ್ದರಂತೆ. ಹಾಗೆ ಕಿತ್ತುಕೊಂಡರೆ ಆ ರಸ್ತೆಯ ಉದ್ದಕ್ಕೂ ಇನ್ನು ಯಾವ ಮನೆಯವರೂ ತಮ್ಮನ್ನು ಕರೆಯುವುದಿಲ್ಲ ಎಂದು ಮಾಮೆ ಹೇಳಿದರು.

ಸಂಜೆ ಬರುವಂತೆ ಹೇಳಿ ಕಳಿಸಿ, ಕಾರ್ಡಿನಲ್ಲಿದ್ದದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಪರೀಕ್ಷೆ ಹಚ್ಚಿದೆ. ಕಾರ್ಡಿನಲ್ಲಿ ನಿಜವಾಗಿ ಇದ್ದದ್ದು ಏಳೂವರೆ ಜಿಬಿ. ಅದು ಮೇ ತಿಂಗಳಲ್ಲೇ ತುಂಬಿತ್ತು.

ಮಾಮೆ ಮರಳಿ ಬಂದಾಗ ನಾನು ಸುಳ್ಳು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ.

"ಮಾಮೆ, ಕಾರ್ಡನ್ನ ಯಾವಾಗಾದ್ರೂ ಹೊರಗೆ ತೆಗೆದಿದ್ರಾ?"

ಅವರು ಯೋಚಿಸಿದರು. "ಒಂದ್ಸಲ ತೆಗೆದಿದ್ದೆ, ಮಗಳೇ. ದೂಳು ಕೂತಿರುತ್ತೆ ಅಂತ ಸೆರಗಲ್ಲಿ ಒರೆಸಿ ಹಾಕ್ದೆ."

"ಟ್ಯಾಬ್ಲೆಟ್ ಆನ್ ಇದ್ದಾಗ ಹಾಗೆ ತೆಗೀಬಾರದು," ಎಂದೆ.

ಈ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ನಿಜವಾದ ವಾಕ್ಯಗಳನ್ನೇ ಒಂದರ ಪಕ್ಕ ಒಂದಿಟ್ಟು ಸುಳ್ಳನ್ನು ಕಟ್ಟಬಹುದು ಎಂಬುದನ್ನು ನಾನು ಅಂದು ಪ್ರಯೋಗದಿಂದಲೇ ಕಲಿತೆ. ಮಾಮೆ ಪೊಕುವಾ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ನೀನು ಒಳ್ಳೆಯ ವಸ್ತು ಕೊಟ್ಟಿದ್ದೆ, ನಾನು ಕೆಡಿಸಿದೆ ಎಂದು ನನ್ನಲ್ಲೇ ಕ್ಷಮೆ ಕೇಳಿದರು. ಡಂಕ್ವಾ ಗಾಜು ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ನಮ್ಮಲ್ಲಿ ತಪ್ಪು ಮಾಡಿದವರು ಹಿರಿಯರೆದುರು ತಾವೇ ಬಾಯಿ ತೆರೆಯುವುದಿಲ್ಲ. ಜೊತೆಗೊಬ್ಬರನ್ನು ಕರೆದೊಯ್ಯುತ್ತಾರೆ. ತಪ್ಪು ಮಾಡಿದವರು ಚಪ್ಪಲಿ ಬಿಟ್ಟು ಹಿಂದೆ ನಿಲ್ಲುತ್ತಾರೆ. ಜೊತೆಗೆ ಬಂದವರು ಆ ತಪ್ಪನ್ನು ಹೆಸರಿಸಿ, ಅವರ ಪರವಾಗಿ ಬೇಡಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಮಾಮೆ ಪೊಕುವಾ ನನ್ನ ಮೇಜಿಗೆ ಬಂದು, ನಾನಾ ಸಪೊಮಾರ ಮುಂದೆ ನನ್ನ ಪರವಾಗಿ ಮಾತಾಡಲು ನೀನೇ ಬರಬೇಕು ಎಂದರು.

"ನೀನು ಓದಿದೋಳು. ಯಂತ್ರದ ಒಳಗೆ ಏನಾಯ್ತು ಅಂತ ನೀನು ಬಿಡಿಸಿ ಹೇಳಿದ್ರೆ ನಾನಾ ಒಪ್ಕೋತಾರೆ. ನಾನು ಹೇಳಿದ್ರೆ ಮುದುಕಿಗೆ ಮರೆವು ಅಂತಾರೆ."

ಬರುವುದಿಲ್ಲ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ.

ಗುರುವಾರ ಟ್ರೋಟ್ರೋ ವ್ಯಾನಿನಲ್ಲಿ ಹೊರಟೆವು. ಕ್ಷಮೆ ಬೇಡುವಾಗ ನಾನಾ ಅವರಿಗೆ ಒಪ್ಪಿಸಲೆಂದು ಕೊಂಡ ಜಿನ್ ಮದ್ಯದ ಬಾಟಲಿ ಮಾಮೆಯ ತೊಡೆಯ ಮೇಲಿನ ಚೀಲದಲ್ಲಿತ್ತು. ದಾರಿಯಲ್ಲಿ ಅವರು ಬೇಯಿಸಿದ ಮುಸುಕಿನ ಜೋಳ ಕೊಂಡು ದೊಡ್ಡ ತೆನೆಯನ್ನು ನನಗೆ ಕೊಟ್ಟರು. ನಾನು ಮಾತನ್ನು ಸಿದ್ಧಪಡಿಸಿಕೊಂಡಿದ್ದೆ: ಯಂತ್ರ ನಾಜೂಕು, ಕಾರ್ಡು ನಾಜೂಕು, ಈ ತಾಯಿಗೆ ಅದರ ರೀತಿ ತಿಳಿಯದು, ದಯವಿಟ್ಟು ಇನ್ನೊಂದು ಅವಕಾಶ. ಇಲ್ಲೂ ಪ್ರತಿಯೊಂದು ವಾಕ್ಯವನ್ನು ಪರೀಕ್ಷಿಸಿ ಇಟ್ಟಿದ್ದೆ.

ನಾನಾ ಸಪೊಮಾ ಅಂಗಳದ ಮಾಡಿನ ಕೆಳಗೆ ಗಿಡ್ಡ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಹಿಂದೆ ಮನೆಯ ಒಂಬತ್ತು ಹೆಂಗಸರು ತಾಳೆಹಣ್ಣು ಬಿಡಿಸುತ್ತಿದ್ದರು. ನೀರು ಕೊಟ್ಟರು. ಕುಡಿದಾದ ಮೇಲೆ ನಾನಾ ಪದ್ಧತಿಯಂತೆ ಕೇಳಿದರು.

"ಇಲ್ಲಿ ಎಲ್ಲ ತಣ್ಣಗಿದೆ. ದಾರಿ ನಡೆದು ಬಂದೋರು ನೀವು. ಏನು ತಂದ್ರಿ?"

ನಾನು ಎದ್ದು ನಿಂತೆ. ಮಾಮೆ ಪೊಕುವಾ ನನ್ನ ಹಿಂದೆ ಚಪ್ಪಲಿ ಬಿಟ್ಟರು; ತಿರುಗಿ ನೋಡಿದೆ. ನಾಲ್ಕು ದಶಕ ಹೊಲಿಗೆ ಯಂತ್ರದ ಹಲಗೆ ತುಳಿದ ಆ ಪಾದಗಳು ಅಗಲವಾಗಿದ್ದವು. ಬಲಪಾದದ ಬೆರಳಿಗೆ ಕಪ್ಪು ದಾರದ ಎಳೆಯೊಂದು ಅಂಟಿಕೊಂಡಿತ್ತು. ಬೆಳಿಗ್ಗೆ ಹೊರಡುವ ಮುನ್ನವೂ ಅವರು ಯಾರದೋ ಬಟ್ಟೆ ಹೊಲಿದು ಬಂದಿದ್ದರು.

"ನಾನಾ, ಮಾಮೆ ಪೊಕುವಾ ಕೈಯಿಂದ..." ಎಂದು ಆರಂಭಿಸಿದೆ. ಸಿದ್ಧಪಡಿಸಿದ ಮುಂದಿನ ಪದ ನಾಲಿಗೆಯ ಮೇಲೇ ಇತ್ತು. ಬೇಡಿಕೊಳ್ಳಲು ಬಂದವಳು ತಪ್ಪನ್ನು ಹೆಸರಿಸಲೇಬೇಕು. ನಾನು ಹೆಸರಿಸಲು ಹೊರಟದ್ದು ನನ್ನ ತಪ್ಪನ್ನು, ಅವರ ಹೆಸರಿನಲ್ಲಿ.

"ಇವರ ಕೈಯಿಂದ ಏನೂ ಆಗಿಲ್ಲ," ಎಂದೆ. "ನಾನು ಮಾರಿದ ಕಾರ್ಡು ಖೋಟಾ. ಅದನ್ನ ಅಳೀದೇ ಅಳೆದಿದೀನಿ ಅಂತ ಬರೆದು ಸಹಿ ಹಾಕಿದ್ದು ನಾನು. ಮಂಗಳವಾರ ಸಂಜೇನೇ ನನಗೆ ಗೊತ್ತಾಯ್ತು. ಆದ್ರೂ ಇವರದೇ ತಪ್ಪು ಅನ್ನೋ ಹಾಗೆ ಮಾತಾಡ್ದೆ. ಇವರನ್ನ ಚಪ್ಪಲಿ ಬಿಡಿಸಿ ಇಲ್ಲಿ ನಿಲ್ಲಿಸಿದ್ದೂ ನಾನೇ."

ತಾಳೆಹಣ್ಣು ಬಿಡಿಸುವ ಸದ್ದು ನಿಂತಿತು. ನಾನಾ ಸಪೊಮಾ ನನ್ನನ್ನು ದಾಟಿ ಹಿಂದೆ ನೋಡಿದರು.

"ಪೊಕುವಾ, ನಿನಗೆ ಇದು ಗೊತ್ತಿತ್ತಾ?"

"ಇಲ್ಲ, ನಾನಾ."

"ಹಾಗಾದ್ರೆ ಚಪ್ಪಲಿ ಮೆಟ್ಕೋ. ಬಾಟ್ಲಿ ಚೀಲದಲ್ಲೇ ಇರಲಿ."

ಬಳಿಕ ನನ್ನ ಕಡೆಗೆ ತಿರುಗಿದರು. "ನಿನ್ನ ಪರವಾಗಿ ಬೇಡೋರು ಯಾರು?"

ಯಾರೂ ಇರಲಿಲ್ಲ. ನಾನು ಮಾಮೆ ಪೊಕುವಾ ಅವರನ್ನು ನೋಡಿದೆ. ಅವರು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದರು. ಒಂದು ಪಟ್ಟಿ ಬಿಗಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವರು ಬಗ್ಗಿಯೇ ಇದ್ದರು.

"ಬೇಡೋರಿಲ್ಲದೆ ಬಂದೋರಿಗೆ ಕ್ಷಮೆ ಕೊಟ್ಟು ನನಗೆ ಅಭ್ಯಾಸ ಇಲ್ಲ," ಎಂದರು ನಾನಾ. "ಹುಡುಕ್ಕೊಂಡು ಬಾ. ಮೊದಲು ಇವಳ ಹತ್ರ ಹೋಗು, ಆಮೇಲೆ ನನ್ನ ಹತ್ರ."

ಹೊಲಿಗೆಯ ಕೆಲಸವನ್ನು ಅವರು ಕಿತ್ತುಕೊಳ್ಳಲಿಲ್ಲ. ದೂರದವರಿಗೆ ಮುಂದಿನ ಭಾನುವಾರ ಬರುವಂತೆ ಫೋನು ಮಾಡಿಸುತ್ತೇನೆ, ಮನೆಯಲ್ಲಿರುವವರ ಅಳತೆಯನ್ನು ಈಗಲೇ ತೆಗೆದುಕೋ ಎಂದು ಮಾಮೆಗೆ ಹೇಳಿದರು. ಮಾಮೆ ಪೊಕುವಾ ಚೀಲದಿಂದ ಟೇಪು ತೆಗೆದರು. ನನ್ನತ್ತ ಮುಖ ತಿರುಗಿಸದೆಯೇ ಕೇಳಿದರು.

"ಪುಸ್ತಕ ಇದೆಯಾ?"

ಪರೀಕ್ಷೆಗಳನ್ನು ಬರೆದಿಡುವ ನನ್ನ ಚೌಕುಳಿ ನೋಟುಪುಸ್ತಕ ಚೀಲದಲ್ಲಿತ್ತು.

"ಬರಿ."

ಹೆಂಗಸರು ಕೈ ತೊಳೆದು ಒಬ್ಬೊಬ್ಬರಾಗಿ ಬಂದು ನಿಂತರು. ಮಾಮೆ ಅಳತೆ ಹೇಳಿದರು, ನಾನು ಬರೆದೆ. ಬರೆದಾದ ಮೇಲೆ ಅವರು "ಓದು" ಎಂದರು. ಓದಿದೆ. ಪ್ರತಿ ಹೆಂಗಸಿಗೂ ಹನ್ನೊಂದು ಅಳತೆ, ಪ್ರತಿ ಅಳತೆಗೂ "ಓದು". ಮೂರನೆಯವಳ ಹೊತ್ತಿಗೆ ಅವರಿಗೆ ನನ್ನ ಓದೂ ಸಾಲದಾಯಿತು. ಕನ್ನಡಕ ಏರಿಸಿ, ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು, ಅಂಕಿಯ ಮೇಲೆ ಬೆರಳಿಟ್ಟು ತಾವೇ ನೋಡಿದರು. ಸಾಲಿನಲ್ಲಿ ಕಾಯುತ್ತಿದ್ದವಳೊಬ್ಬಳು, "ಓದಿದ ಹುಡುಗಿಗೆ ಲೆಕ್ಕ ಬರಲ್ವಾ?" ಎಂದು ಪಕ್ಕದವಳನ್ನು ಕೇಳಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರಳುವಾಗ ಮಾಮೆ ವ್ಯಾನಿನ ಮುಂದಿನ ಸೀಟಿನಲ್ಲಿ, ಚಾಲಕನ ಪಕ್ಕ ಕುಳಿತರು. ಇಳಿಯುವಾಗ ನೋಟುಪುಸ್ತಕಕ್ಕೆ ಕೈ ಚಾಚಿದರು. ನಾನು ಪೂರ್ತಿ ಪುಸ್ತಕವನ್ನೇ ಕೊಟ್ಟೆ. ಅದರ ಮೊದಲ ಅರ್ಧದಲ್ಲಿ ಎರಡು ವರ್ಷಗಳ ನನ್ನ ಪರೀಕ್ಷೆಗಳಿದ್ದವು. ಈಸ್ಟರಿನ ಮುಂಚಿನ ಗುರುವಾರದ ಪುಟದಲ್ಲಿ ದಿನಾಂಕವೊಂದೇ ಇತ್ತು.

ಶುಕ್ರವಾರ ಬೆಳಿಗ್ಗೆ ಕೊಡೆ ಬಿಚ್ಚುವ ಮೊದಲು ಡಂಕ್ವಾ ಅವರ ಮೇಜಿನ ಮುಂದೆ ನಿಂತೆ. ಮಾಮೆ ಪೊಕುವಾ ಅವರಲ್ಲಿ ನನ್ನ ಪರವಾಗಿ ಬೇಡಲು ಬರಬೇಕೆಂದು ಕೇಳಿದೆ. ಅವರು ಬಿಸಿ ಮಾಡುತ್ತಿದ್ದ ಗಾಜನ್ನು ಪಕ್ಕಕ್ಕಿಟ್ಟು, ಸ್ಟೂಲೊಂದನ್ನು ಕಾಲಿನಿಂದ ನನ್ನತ್ತ ತಳ್ಳಿದರು.

"ಕೂತ್ಕೋ, ಬಿರಾಗೊ. ಮೊದಲಿಂದ ಹೇಳು. ಅಲ್ಲಿ ನಿಂತು ನಾನು ತಪ್ಪು ಹೇಳಬಾರದು."

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಹತ್ತು ಗಂಟೆಗೆ ಬಂದ ಕಾರ್ಡುಗಳಿಂದ ಆರಂಭಿಸಿ, ಕಡಲೆಕಾಯಿ ಪೊಟ್ಟಣವನ್ನೂ, ಮಂಗಳವಾರ ಸಂಜೆಯ ಪ್ರಶ್ನೆಯನ್ನೂ ಬಿಡದೆ ಕ್ರಮವಾಗಿ ಹೇಳಿದೆ. ಅವರು ನಡುವೆ ಎರಡು ಸಲ ತಡೆದು, ಕೇಳಿದ್ದು ಸರಿಯೇ ಎಂದು ಖಚಿತಪಡಿಸಿಕೊಂಡರು. ಕೊನೆಗೆ, ಅಂದು ಮಾರಿದ ಉಳಿದ ಹನ್ನೊಂದು ಕಾರ್ಡುಗಳ ಕತೆ ಏನು ಎಂದು ಕೇಳಿದರು. ಅವೂ ಅದೇ ಪೆಟ್ಟಿಗೆಯವು, ಕೊಂಡವರ ಫೋನು ನಂಬರುಗಳು ನನ್ನ ಬಳಿ ಇವೆ ಎಂದೆ.

ಡಂಕ್ವಾ ತಮ್ಮ ಹೊಸ ಕಂದು ಚಪ್ಪಲಿಗಳನ್ನು ನೋಡಿಕೊಂಡರು.

"ಮಾಮೆ ಮನೆ, ನಾನಾ ಮನೆ, ಮೇಲೆ ಹನ್ನೊಂದು ಮನೆ. ನಾಳೆಯಿಂದ ಹಳೇ ಚಪ್ಪಲಿ ಹಾಕ್ಕೊಂಡು ಬರ್ತೀನಿ," ಎಂದರು. "ನೀನು ಹೇಗೂ ಬರಿಗಾಲಲ್ಲಿ."